ಹೊಗೆಗೆ ಬೆನ್ನು ಹಾಕಿ ನಡೆದದ್ದು

ಬಸ್ಸು ತಪ್ಪಬಹುದಿತ್ತು. ಬಸ್ಸು ಸಿಕ್ಕಿ, ಸೀಟು ಸಿಗದೆ, ನಿಂತ ನಿಲುವಿನಲ್ಲೇ ನನ್ನ ಸೊಂಟ ಹಿಡಿದುಕೊಳ್ಳಬಹುದಿತ್ತು. ಮಾರ್ಚಿ ತಿಂಗಳ ಬಿಸಿಲಿಗೆ ಮಾವನವರಿಗೆ ತಲೆ ತಿರುಗಿ ದಾರಿ ಮಧ್ಯೆ ಕೂತುಬಿಡಬಹುದಿತ್ತು. ವಯಸ್ಸಾದವರನ್ನು ಬೀದಿ ಅಲೆಸಿದ್ದಕ್ಕೆ ಅತ್ತೆಯವರು ಮುಂದೆಂದೂ ನನ್ನ ಮುಖ ನೋಡದೆ ಇರಬಹುದಿತ್ತು. ಕುಡಿಯುವ ನೀರಿನ ಬಾವಿ ಬತ್ತಿರಬಹುದಿತ್ತು, ಬತ್ತದ ಬಾವಿಯ ನೀರು ಕುಡಿದು ನಡೆಯಲು ಹೊರಟ ಮೂವರಿಗೂ ಭೇದಿ ಹತ್ತಬಹುದಿತ್ತು. ತೋಟದ ನಾಯಿ, ಬೇಲಿಯ ಹಾವು, ಕೆರೆ ಏರಿಯ ಹೆಜ್ಜೇನು, ಹೊಸ ಬೂಟಿನಿಂದ ಬೊಬ್ಬೆ, ಹಳೇ ಚಪ್ಪಲಿಯ ಕಿತ್ತುಹೋಗುವ ಬಾರು, ಹುಳಿ ಹಿಡಿಯುವ ಮೊಸರನ್ನ, ಇವೆಲ್ಲ ಇದ್ದೇ ಇದ್ದವು. ಗುಡ್ಡದ ಬೆಂಕಿ ಗಾಳಿ ಹಿಡಿದು ನಮ್ಮನ್ನು ಅಟ್ಟಿಸಿಕೊಂಡು ಬರಬಹುದಿತ್ತು. ಬೆಂಕಿ ಇಟ್ಟವರು ನಾವೇ ಎಂದು ಫಾರೆಸ್ಟ್ ಗಾರ್ಡು ಹಿಡಿದು ಕೂರಿಸಬಹುದಿತ್ತು, ಆ ಸುದ್ದಿ ಸೋಮವಾರ ನಮ್ಮ ಆಫೀಸಿಗೆ ನನಗಿಂತ ಮುಂಚೆ ತಲುಪಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಷಡ್ಡಕನ ಕಾಲು ಉಳುಕಬಹುದಿತ್ತು. ಇದೊಂದನ್ನು ನಾನು ಭಯದ ಲೆಕ್ಕಕ್ಕೆ ಸೇರಿಸಿದ್ದೆನೋ ಆಸೆಯ ಲೆಕ್ಕಕ್ಕೋ, ಈಗ ಹೇಳುವುದು ಕಷ್ಟ.

ಷಡ್ಡಕ ಹಿಂದಿನ ವರ್ಷವಷ್ಟೇ ನನ್ನ ಹೆಂಡತಿಯ ತಂಗಿಯನ್ನು ಮದುವೆಯಾಗಿ ನಮ್ಮ ಬಳಗಕ್ಕೆ ಬಂದಿದ್ದ. ಅದಕ್ಕೂ ಮುಂಚೆ ಏಳೆಂಟು ವರ್ಷ ಆ ಮನೆಗೆ ನಾನೊಬ್ಬನೇ ಅಳಿಯ. ಗಂಡುಮಕ್ಕಳಿಲ್ಲದ ಮನೆಯ ಏಕೈಕ ಅಳಿಯನಾಗಿರುವುದು ಎಂಥ ಸುಖವೆಂದು, ಎರಡನೆಯವನು ಬಂದ ಮೇಲೆ ನನಗೆ ಗೊತ್ತಾಯಿತು.

ಮಾವನವರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬೇಲೂರಿನಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆ. ಸುತ್ತಲಿನ ಎಲ್ಲ ರಸ್ತೆಗಳ ಮೇಲೂ ಬಸ್ಸಿನೊಳಗೆ ನಿಂತೇ ಓಡಾಡಿದವರು. “ಕಿಟಕಿ ಪಕ್ಕ ಕುಂತೋರೆಲ್ಲ ಊರು ನೋಡಿದ್ರು, ನಾನು ಬರೀ ಚಿಲ್ಲರೆ ನೋಡ್ದೆ” ಎನ್ನುತ್ತಿದ್ದರು. ಹಾಗಾಗಿ ನಿವೃತ್ತಿಯ ನಂತರ ವರ್ಷಕ್ಕೊಂದು ಸಲ, ಬೇಸಗೆಯ ಒಂದು ಶನಿವಾರ ಭಾನುವಾರ, ಯಾವುದಾದರೊಂದು ದಾರಿಯನ್ನು ನಡೆದು ನೋಡುವ ಹುಚ್ಚು ಹಿಡಿಸಿಕೊಂಡರು. ಜೊತೆಗೆ ನಾನು. ಅರಸೀಕೆರೆಯ ಒಂದು ಆಫೀಸಿನಲ್ಲಿ ಕಡತಗಳ ಧೂಳು ಕುಡಿದುಕೊಂಡಿದ್ದ ನನಗೆ ಅದು ವರ್ಷದ ಹಬ್ಬ. ಹೊರಡುವಾಗ ಮಾವ “ರೈಟ್” ಎನ್ನುವರು. ನಿಲ್ಲಬೇಕಾದಲ್ಲಿ “ಹೋಲ್ಡಾನ್”. ಇವೆರಡರ ನಡುವೆ ಹೆಚ್ಚು ಮಾತಿಲ್ಲ.

ನಡಿಗೆ ಮುಗಿಯುವ ಕಡೆ, ಅದು ಬಸ್ ಸ್ಟಾಪಾಗಲಿ ರೈಲ್ವೆ ಸ್ಟೇಷನ್ನಾಗಲಿ, ಮಾವ ಕೂತು ಎಲೆ ಅಡಿಕೆ ಸಂಚಿ ಬಿಚ್ಚುತ್ತಿದ್ದರು. ಎರಡು ಎಲೆ ಒರೆಸಿ, ತೊಟ್ಟು ಮುರಿದು, ಉಗುರಿನ ತುದಿಯಲ್ಲಿ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಮೊದಲು ನನ್ನ ಕೈಗೆ ಕೊಡುವರು. ಆಮೇಲೆ ತಮಗೆ. ನಾನು ಬಾಯಿಗೆ ಹಾಕಿಕೊಂಡ ಮೇಲೆ ಒಂದೇ ಪ್ರಶ್ನೆ: “ಮುಂದಿನ ವರ್ಷ ಎತ್ಲಾಗೆ, ಅಳಿಯಂದ್ರೆ?” ನಾನು ಯಾವ ಊರು ಹೇಳಿದರೆ ಆ ಊರು. ನಮ್ಮ ಮನೆಯಲ್ಲಿ ಯಾವ ತರಕಾರಿ ತರಬೇಕೆಂಬುದನ್ನೂ ನನ್ನನ್ನು ಕೇಳಿ ತೀರ್ಮಾನಿಸಿದವರಿಲ್ಲ. ಆ ಒಂದು ಪ್ರಶ್ನೆಗಾಗಿ ನಾನು ಎಷ್ಟು ದೂರ ಬೇಕಾದರೂ ನಡೆಯುತ್ತಿದ್ದೆ.

ಷಡ್ಡಕ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಗುಡ್ಡ ಹತ್ತುವವರ ಒಂದು ಕೂಟ ಕಟ್ಟಿಕೊಂಡಿದ್ದ. ಮದುವೆಯಾದ ಮೊದಲ ದೀಪಾವಳಿಗೇ ಮಾವನವರ ನಡಿಗೆಯ ವಿಷಯ ಕಿವಿಗೆ ಬಿದ್ದು, “ಮಾವ, ಈ ಸಲ ನಾನು ಕರ್ಕೊಂಡು ಹೋಗ್ತೀನಿ. ಮುಳ್ಳಯ್ಯನಗಿರಿ! ಮೇಲೆ ಒಂದು ರಾತ್ರಿ ಇದ್ದು ಬಾಬಾಬುಡನ್‌ಗಿರಿ ಕಡೆ ಇಳಿಯೋಣ” ಎಂದ. ಅದರ ಹಿಂದಿನ ಬೇಸಗೆಯಲ್ಲಿ ಮಾವ ಎಲೆ ಕೊಟ್ಟು ಕೇಳಿದಾಗ ನಾನು ಹೇಳಿದ್ದು ಬೇರೆ ಊರು. ಮಾವ ನನ್ನ ಕಡೆ ತಿರುಗಿ, “ಹೋಗಣೇನ್ರೀ? ಹುಡುಗ ಆಸೆ ಪಡ್ತಾವ್ನೆ” ಎಂದರು. “ಅದಕ್ಕೇನಂತೆ” ಎಂದೆ. ಆ ‘ಅದಕ್ಕೇನಂತೆ’ ಎಷ್ಟು ದಿನ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತೆಂದು ನನ್ನ ಹೆಂಡತಿಗೆ ಗೊತ್ತು.

ಶುಕ್ರವಾರ ಸಂಜೆ ನಾನೂ ಹೆಂಡತಿಯೂ ಬೇಲೂರಿಗೆ ಹೋಗಿ ಇಳಿದಾಗ ಅವನ ಚೀಲ ಜಗಲಿಯ ಮೇಲೆ ಗೋಡೆಗೆ ಒರಗಿ ನಿಂತಿತ್ತು. ಚೀಲ ತಾನಾಗಿ ನಿಲ್ಲುವುದನ್ನು ನಾನು ಮೊದಲ ಬಾರಿ ನೋಡಿದ್ದು. ನೀಲಿ ಬಣ್ಣ, ಒಳಗೆ ಕಬ್ಬಿಣದ ಪಟ್ಟಿ, ಸೊಂಟಕ್ಕೆ ಬೆಲ್ಟು, ಎದೆಗೆ ಬೆಲ್ಟು, ಎಲ್ಲೆಂದರಲ್ಲಿ ಜಿಪ್ಪು. ಅದರ ಪಕ್ಕ ನನ್ನ ಚೀಲ ಇಟ್ಟೆ. ಅದು ಮದುವೆಮನೆಯಲ್ಲಿ ಕುಡಿದು ಬಂದವನ ಹಾಗೆ ಪಕ್ಕಕ್ಕೆ ವಾಲಿ ಮಲಗಿತು.

ಊಟಕ್ಕೆ ಒಬ್ಬಟ್ಟು. ಅತ್ತೆಯವರು ಹೊಸ ಅಳಿಯನ ಒಬ್ಬಟ್ಟಿನ ಮೇಲೆ ತುಪ್ಪ ಸುರಿದ ಸುರಿತಕ್ಕೆ ಅದು ಎಲೆಯಲ್ಲಿ ದ್ವೀಪವಾಯಿತು. ನನ್ನ ಹತ್ತಿರ ಬರುವ ಹೊತ್ತಿಗೆ ತುಪ್ಪದ ಮಿಳ್ಳೆಯ ತಳ ಕಾಣುತ್ತಿತ್ತು. “ನಿಮಗೆ ಕೊಲೆಸ್ಟ್ರಾಲು ಅಂದಿದ್ರಲ್ಲ” ಎಂದರು. ಅಂದಿದ್ದೆ, ನಿಜ. ಆದರೆ ಎಂಟು ವರ್ಷ ಆ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಬೆಳಿಗ್ಗೆ ಎದ್ದಾಗ ಆಕಾಶ ಹಳೇ ಪಂಚೆಯ ಬಣ್ಣಕ್ಕಿತ್ತು. ಸೂರ್ಯ ಹುಟ್ಟಿಯೂ ಬೆಳಕಾಗಿರಲಿಲ್ಲ. ತಾರಸಿಯಿಂದ ಅತ್ತೆಯವರ ಕೂಗು ಕೇಳಿ ಎಲ್ಲರೂ ಮೇಲೆ ಓಡಿದೆವು. ಹಿಂದಿನ ದಿನ ಒಣಗಲು ಹಾಕಿ, ರಾತ್ರಿ ಮೇಲೆಯೇ ಬಿಟ್ಟಿದ್ದ ಅಕ್ಕಿ ಸಂಡಿಗೆಯ ತುಂಬಾ ಕರಿ ಚುಕ್ಕೆ. ಗಾಳಿಯಲ್ಲಿ ತೇಲಿಬಂದ ಸುಟ್ಟ ಹುಲ್ಲಿನ ಬೂದಿ.

“ಯಾವನು ಗುಡ್ಡಕ್ಕೆ ಬೆಂಕಿ ಇಟ್ಟೋನು, ಅವನ ಕೈ ಸೇದೋಗ! ನನ್ನ ಸಂಡಿಗೆ ನೋಡಿ, ಎಳ್ಳು ಹಾಕ್ದಂಗೆ ಆಗದೆ!”

ಪಶ್ಚಿಮಕ್ಕೆ, ಎಂದಿನ ದಿನ ನೀಲಿ ಗೆರೆಯಂತೆ ಗುಡ್ಡಗಳು ಕಾಣುವ ಕಡೆ, ಏನೂ ಇರಲಿಲ್ಲ. ಗುಡ್ಡಗಳನ್ನು ಯಾರೋ ಒರೆಸಿಹಾಕಿದ್ದರು. ಮಾವನವರು ಎರಡು ಸಲ ಕೆಮ್ಮಿದರು. ಬಸ್ಸಿನ ಧೂಳು ಕುಡಿದ ಎದೆ ಅವರದು, ಹೊಗೆ ಆಗದು.

ಮೂವರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಚಿಕ್ಕಮಗಳೂರಿನಿಂದ ಆಗತಾನೆ ಬಂದ ಬಸ್ಸಿನ ಕಂಡಕ್ಟರು ಮಾವನವರನ್ನು ಕಂಡೊಡನೆ ಇಳಿದು ಬಂದ.

“ಎತ್ಲಾಗೆ ಯಜಮಾನ್ರೆ, ಗುಡ್ಡಕ್ಕಾ? ಸುಮ್ಕೆ ಮನೇಗ್ ಹೋಗಿ. ಎರಡು ದಿನದಿಂದ ಉರೀತಾ ಐತೆ. ಗುಡ್ಡದ ಬುಡ, ಕೈಮರದ ಗೇಟ್ ತಾವಲೇ ಎಲ್ಲರನ್ನೂ ತಡೀತಾವ್ರೆ.”

“ಸಕಲೇಶಪುರದ ಕಡೆ?” ಎಂದ ಷಡ್ಡಕ. “ರೈಲು ನಿಂತು ಹೋಗಿದೆಯಲ್ಲ, ಆ ಹಳಿ ಮೇಲೆ ನಡೀಬಹುದು.”

“ಅತ್ಲಾಗೂ ಹೊಗೆನೇ ಸ್ವಾಮಿ. ಗಾಳಿ ಅಲ್ಲಿಂದ್ಲೇ ಬತ್ತಾ ಇರೋದು.”

ಷಡ್ಡಕನ ಮುಖ ನೋಡಿದೆ. ತಿಂಗಳುಗಟ್ಟಲೆ ನಕ್ಷೆ ಬರೆದು, ಎಲ್ಲಿ ನೀರು, ಎಲ್ಲಿ ಮಲಗುವುದು ಎಂದೆಲ್ಲ ಗುರುತು ಹಾಕಿಕೊಂಡಿದ್ದವನು. ಆ ಮುಖ ನೋಡಿ ಅಯ್ಯೋ ಅನ್ನಿಸಬೇಕಿತ್ತು. ನನ್ನೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದರು.

“ಪೂರ್ವಕ್ಕೆ ಹೋದರೆ?” ಎಂದೆ. ಬಾಯಿಂದ ತಾನಾಗಿ ಬಂದದ್ದೆಂಬಂತೆ ಹೇಳಿದೆನಾದರೂ, ತಾರಸಿಯ ಮೇಲೆ ನಿಂತಾಗಲೇ ಇದನ್ನು ಹೊಂದಿಸಿಟ್ಟುಕೊಂಡಿದ್ದೆ. “ಹಳೇಬೀಡು, ಪುಷ್ಪಗಿರಿ. ರಾತ್ರಿ ಅಲ್ಲೇ ಇರೋಣ. ನಾಳೆ ಜಾವಗಲ್ ಮೇಲೆ ಬಾಣಾವರ. ಅಲ್ಲಿ ರೈಲು ಹತ್ತಿದರೆ ಅರಸೀಕೆರೆ, ನಮ್ಮ ಮನೇಲೇ ಊಟ.”

“ಅಣ್ಣ, ಹಳೇಬೀಡಿಗೆ ಬಸ್ಸಲ್ಲಿ ಅರ್ಧ ಗಂಟೆ ದಾರಿ!” ಎಂದ ಷಡ್ಡಕ. ಬೂಟು ಹಾಕಿಕೊಂಡು ದೇವಸ್ಥಾನದ ಪ್ರಾಕಾರ ಸುತ್ತು ಎಂದಂತಾಗಿತ್ತು ಅವನಿಗೆ.

ಮಾವ ಆಕಾಶ ನೋಡಿದರು, ಕೆಮ್ಮಿದರು. “ಆ ರೂಟಲ್ಲಿ ಎಷ್ಟು ವರ್ಷ ಡ್ಯೂಟಿ ಮಾಡಿದೀನಿ, ಒಂದ್ಸಲಾನೂ ನಡೆದಿಲ್ಲ. ಹೊಗೆ ಹಿಂದಕ್ಕೆ ಬೀಳತ್ತೆ. ಅದೇ ಸರಿ.”

ಮನೆಗೆ ಬಂದು ಚೀಲ ಹೊರುವಾಗ ಹೆಂಡತಿ ಹತ್ತಿರ ಬಂದು, “ಭಾನುವಾರ ನಾನು ಮುಂಚೆ ಊರಿಗೆ ಹೋಗಿ ಅಡುಗೆ ಮಾಡಿರ್ತೀನಿ” ಎಂದಳು. ಆಮೇಲೆ ಧ್ವನಿ ತಗ್ಗಿಸಿ, “ಗುಡ್ಡಕ್ಕೆ ಬಿದ್ದಿರೋ ಬೆಂಕಿ ಇನ್ನೆರಡು ದಿನಕ್ಕೆ ಆರತ್ತೆ. ನಿಮ್ಮ ಹೊಟ್ಟೇದು ಯಾವಾಗ?” ಎಂದಳು.

“ರೈಟ್” ಎಂದರು ಮಾವ.

ನನ್ನ ದಾರಿ, ನನ್ನ ಸೀಮೆಯ ಕಡೆಗೆ ಹೋಗುವ ದಾರಿ. ನಾನು ಮಾವನವರ ಬಲಕ್ಕೆ, ನನ್ನ ಎಂದಿನ ಜಾಗದಲ್ಲಿ. ಆದರೆ ಎರಡು ಹುಣಿಸೆಮರ ದಾಟುವುದರೊಳಗೆ ಷಡ್ಡಕ ಮಾವನವರ ಎಡಕ್ಕೆ ಬಂದು, ಹಿಂದಿನ ಕಾಲದ ಬಸ್ಸುಗಳ ವಿಷಯ ಕೇಳತೊಡಗಿದ. ಇಂಜಿನ್ನು ಯಾವುದು, ಗೇರು ಹೇಗೆ, ರೇಡಿಯೇಟರಿಗೆ ನೀರು ಎಲ್ಲಿ ಹಾಕುತ್ತಿದ್ದರು. ಮಾವ ಹೇಳಿದರು. ಹೇಳುತ್ತಲೇ ಹೋದರು. ಎಂಟು ವರ್ಷ ಅವರ ಜೊತೆ ನಡೆದ ನಾನು, ಅವರು ಮಾತು ಕಡಿಮೆಯ ಮನುಷ್ಯ ಎಂದೇ ತಿಳಿದಿದ್ದೆ. ನಾನು ಏನನ್ನೂ ಕೇಳಿರಲಿಲ್ಲ ಅಷ್ಟೆ.

ಶಾಲೆಯ ಮಕ್ಕಳು ಅವನ ಚೀಲ ನೋಡಿ ವಿದೇಶದವನೆಂದು ಹಿಂದೆ ಬಿದ್ದವು. “ವಾಟ್ ಈಸ್ ಯುವರ್ ನೇಮ್? ಒನ್ ಪೆನ್!” ಅವನು ತಿರುಗಿ, “ಏನ್ರೋ, ಇವತ್ತು ಸ್ಕೂಲಿಲ್ವೇನ್ರೋ?” ಎಂದ. ಮಕ್ಕಳು ಬಿದ್ದು ಬಿದ್ದು ನಕ್ಕವು. ಮಾವನೂ ನಕ್ಕರು. ನನ್ನ ಚೀಲದ ಹಿಂದೆ ಒಂದು ನಾಯಿಯೂ ಬರಲಿಲ್ಲ.

ಹಳೇಬೀಡಿನ ಕೆರೆಯ ದಂಡೆಯಲ್ಲಿ “ಹೋಲ್ಡಾನ್”. ಹೊಗೆಯ ವಾಸನೆ ಇಲ್ಲಿಗೆ ಬಂದಿರಲಿಲ್ಲ, ಮಾವನವರ ಕೆಮ್ಮು ನಿಂತಿತ್ತು. ಗೆದ್ದೆ ಅಂದುಕೊಂಡು ಮೊಸರನ್ನದ ಗಂಟು ಬಿಚ್ಚುತ್ತಿದ್ದೆ. ಪಕ್ಕದಲ್ಲಿ ಜಿಪ್ಪಿನ ಸದ್ದು. ಷಡ್ಡಕ ಅಂಗೈಯಗಲದ ಒಂದು ಸ್ಟೌವು ತೆಗೆದು, ಕಲ್ಲುಗಳ ಮಧ್ಯೆ ಇಟ್ಟು, ಊಟವಾಗುವ ಹೊತ್ತಿಗೆ ಬಿಸಿ ಕಾಫಿ ಮಾಡಿ ಮಾವನವರ ಕೈಗಿಟ್ಟ.

“ಏನಯ್ಯಾ ಇದು! ಹೋಟ್ಲೇ ಹೊತ್ಕೊಂಡ್ ಬಂದಿದ್ದೀಯ!”

‘ಏನಯ್ಯಾ’. ನನಗೆ ಇಂದಿಗೂ ‘ಏನ್ರೀ’. ಅಳಿಯನಿಗೆ ಕೊಡುವ ಮರ್ಯಾದೆ ಅದು ಎಂದು ಅಲ್ಲಿಯವರೆಗೆ ಹೆಮ್ಮೆಪಟ್ಟಿದ್ದೆ. ಆ ಕ್ಷಣದಿಂದ ಅದು ಜಗಲಿಯ ಮೇಲೆ ಕೂರಿಸಿ ಮಾತಾಡಿಸಿದ ಹಾಗೆ ಕೇಳಿಸತೊಡಗಿತು.

“ಎದುರಿಗೇ ಹೋಟೆಲ್ ಇತ್ತಲ್ಲ. ಬೇಸಗೆಯಲ್ಲಿ ಒಣಹುಲ್ಲಿನ ಪಕ್ಕ ಸ್ಟೌ ಹಚ್ಚೋದು ಅಪಾಯ” ಎಂದೆ.

“ಹೌದಣ್ಣ, ಅದಕ್ಕೇ ನೀರಿನ ಪಕ್ಕ, ಕಲ್ಲಿನ ಮೇಲೆ ಇಟ್ಟೆ” ಎಂದು ನನಗೂ ಒಂದು ಲೋಟ ಕೊಟ್ಟ. ಕಾಫಿ ಚೆನ್ನಾಗಿತ್ತು. ಅದೇ ಕಷ್ಟ.

ಇನ್ನು ಏನಾದರೂ ಮಾಡಿ ತೋರಿಸಲೇಬೇಕೆಂದು, ಪುಷ್ಪಗಿರಿಗೆ ರಸ್ತೆ ಬಿಟ್ಟು ಹೊಲದ ಮೇಲೆ ಒಂದು ಒಳದಾರಿ ಗೊತ್ತು ಎಂದೆ. ಆ ದಾರಿಯಲ್ಲಿ ನಾನು ಎಂದೂ ನಡೆದಿರಲಿಲ್ಲ. ಗುಡ್ಡ ಕಣ್ಣೆದುರಿಗೇ ಇತ್ತು, ಅದಕ್ಕೂ ನಮಗೂ ನಡುವೆ ಹೊಲವಿತ್ತು, ಆದ್ದರಿಂದ ದಾರಿಯೂ ಇರಲೇಬೇಕು ಎಂಬುದು ನನ್ನ ಲೆಕ್ಕ. ರಾಗಿ ಕೂಳೆ ತುಳಿದು, ಎರಡು ಬೇಲಿ ನುಸುಳಿ, ಒಂದು ತೆಂಗಿನ ತೋಟದ ನಡುವೆ ಬಂದು ನಿಂತೆವು. ಎರಡು ನಾಯಿ ಹಾರಿಬಂದವು. ಹಿಂದೆಯೇ ಕೈಯಲ್ಲಿ ಮಚ್ಚು ಹಿಡಿದ ತೋಟದವರು.

“ಯಾರ್ರೀ ಅದು?” ಎಂದವರು, ಮಾವನವರ ಮುಖ ನೋಡಿ ಮಚ್ಚು ಕೆಳಗಿಳಿಸಿದರು. “ಅಯ್ಯೋ, ಕಂಡಕ್ಟರ್ ಸ್ವಾಮಿ! ನಮ್ಮ ಹೆಂಡ್ರು ಹೆರಿಗೆಗೆ ಹೊಂಟಾಗ ಆಸ್ಪತ್ರೆ ಬಾಗಿಲಿಗೇ ಬಸ್ ನಿಲ್ಲಿಸಿದ್ರಲ್ಲ! ಕುಂತ್ಕೊಳಿ, ಕುಂತ್ಕೊಳಿ.” ಅದೇ ಮಚ್ಚಿನಲ್ಲಿ ಎಳನೀರು ಕೆತ್ತಿದರು.

ತೋಟದಿಂದ ಹೊರಗೆ ಬರುವಾಗ ಮಾವ, “ದಾರಿ ತಪ್ಪಿದ್ದೂ ಒಳ್ಳೇದೇ ಆಯ್ತು ಕಣ್ರೀ” ಎಂದರು. ಒಳದಾರಿ ಎಂದು ನಾನು ಕೊಟ್ಟದ್ದು ‘ದಾರಿ ತಪ್ಪಿದ್ದು’ ಎಂದು ದಾಖಲಾಯಿತು.

ಸಂಜೆ ಪುಷ್ಪಗಿರಿಯ ಮೇಲಿದ್ದೆವು. ದೇವಸ್ಥಾನದ ಜಗಲಿಯಲ್ಲಿ ಮಲಗಲು ಪೂಜೆಯವರು ಒಪ್ಪಿದ್ದರು. ಮಾವ ಕಾಲು ತೊಳೆಯಲು ಹೋಗಿದ್ದರು. ಪಶ್ಚಿಮದಲ್ಲಿ ಸೂರ್ಯ ಇಳಿಯುತ್ತಿದ್ದ. ಕಿರಣವಿಲ್ಲದೆ, ಕುಂಕುಮದ ಬಟ್ಟಲಿನಷ್ಟು ಕೆಂಪಗೆ. ಅದು ಹೊಗೆಯ ಕೆಲಸ. ಅಲ್ಲೆಲ್ಲೋ ಷಡ್ಡಕನ ನಕ್ಷೆ ಉರಿಯುತ್ತಿತ್ತು. ಅವನು ಬಂಡೆಯ ಮೇಲೆ ನನ್ನ ಪಕ್ಕ ಕೂತ.

“ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯತ್ತೆ ಅಣ್ಣ” ಎಂದ.

ನಾನು ಬೆಚ್ಚಿಬಿದ್ದೆ. ಆ ಮಾತು ನನ್ನದಲ್ಲವೇ?

“ನಮ್ಮಪ್ಪ ಮನೆಯಲ್ಲಿ ಊಟಕ್ಕೆ ಬಾ ಅನ್ನೋದು ಬಿಟ್ಟು ಬೇರೆ ಮಾತೇ ಆಡಿದೋರಲ್ಲ. ನೀವು ಇವರ ಜೊತೆ ಇಷ್ಟು ವರ್ಷ ನಡೆದಿದ್ದೀರಿ. ನಾನು ಎಷ್ಟೇ ಕಾಫಿ ಕಾಸಿಕೊಟ್ಟರೂ ಆ ವರ್ಷ ವಾಪಸು ಬರತ್ತಾ?” ಎಂದು ನಕ್ಕ.

ನಾನು ಕರಗಬೇಕಿತ್ತು. ಸ್ವಲ್ಪ ಕರಗಿದೆ ಕೂಡ. ಆದರೆ ಮರುಕ್ಷಣವೇ ಬೇರೊಂದು ಶುರುವಾಯಿತು. ನಾನು ನಾಲ್ಕು ತಿಂಗಳಿಂದ ಬಚ್ಚಿಟ್ಟು, ರಾತ್ರಿ ಮಗ್ಗುಲು ಬದಲಿಸಿ, ಹೆಂಡತಿಯ ಕೈಯಲ್ಲಿ ಹಂಗಿಸಿಕೊಂಡು ಸಾಕಿದ್ದನ್ನು ಇವನು ಟೀ ಕುಡಿಯೋಣವೇ ಎಂದು ಕೇಳಿದಷ್ಟು ಸಲೀಸಾಗಿ ಹೇಳಿ ಹಗುರಾಗಿಬಿಟ್ಟ. ಹೊಟ್ಟೆಕಿಚ್ಚು ಪಡುವುದರಲ್ಲೂ ಅವನು ನನಗಿಂತ ಮುಂದೆ. “ಹಾಗೇನಿಲ್ಲ ಬಿಡಿ” ಎಂದೆ.

ಮಾರನೆಯ ದಿನ ಆಕಾಶ ತಿಳಿಯಾಗಿತ್ತು. ಜಾವಗಲ್ಲಿನಲ್ಲಿ ಇಡ್ಲಿ ತಿಂದೆವು. ಇಡ್ಲಿ ಮೃದುವಾಗಿತ್ತು. ಬಾವಿಗಳಲ್ಲಿ ನೀರಿತ್ತು, ಹೊಟ್ಟೆಗಳು ತೆಪ್ಪಗಿದ್ದವು, ನನ್ನ ಚಪ್ಪಲಿಯ ಬಾರು ಗಟ್ಟಿಯಾಗಿತ್ತು. ಷಡ್ಡಕನ ಕಾಲೂ ಗಟ್ಟಿಯಾಗಿತ್ತು. ಬಿಸಿಲು ಏರಿದಾಗ ಮರದ ನೆರಳಲ್ಲಿ ಮಲಗಿದೆವು, ತಗ್ಗಿದಾಗ ಎದ್ದೆವು. ಬಾಣಾವರ ಹತ್ತಿರವಾಗುತ್ತಿದ್ದಂತೆ ಮಾವ ನನ್ನ ಹೆಗಲು ತಟ್ಟಿ, “ಒಳ್ಳೇ ದಾರಿ ಹೇಳಿದ್ರಿ ಕಣ್ರೀ. ಒಂದ್ಕಡೆನೂ ಉಸಿರು ಕಟ್ಲಿಲ್ಲ” ಎಂದರು. ಅಷ್ಟು ಸಾಕಾಗಿತ್ತು. ಮುಂದಿನ ವರ್ಷದ ಉತ್ತರವನ್ನು ನಾನು ಜಾವಗಲ್ಲಿನಿಂದಲೇ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಬಂದಿದ್ದೆ: ಹಾರನಹಳ್ಳಿಯಿಂದ ಹೊರಟು ಅರಸೀಕೆರೆ ದಾಟಿ ಕಣಕಟ್ಟೆ. ಪೂರಾ ನನ್ನ ತಾಲ್ಲೂಕು. ಗುಡ್ಡ ಹತ್ತುವವರ ಕೂಟಕ್ಕೆ ಅಲ್ಲಿ ಕೆಲಸವಿಲ್ಲ, ಹೆಜ್ಜೆಗೊಂದು ಹೋಟೆಲು, ಸ್ಟೌವಿಗೂ ಕೆಲಸವಿಲ್ಲ.

ಬಾಣಾವರ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮೂವರೂ ಕೂತೆವು. ಪ್ಯಾಸೆಂಜರ್ ಗಾಡಿಗೆ ಇನ್ನೂ ಹೊತ್ತಿತ್ತು. ಮಾವ ಸಂಚಿ ಬಿಚ್ಚಿದರು. ನಾನು ನೆಟ್ಟಗೆ ಕೂತೆ.

“ಮಾವ, ನಾನು ಮಡಿಸಿಕೊಡ್ಲಾ?” ಎಂದ ಷಡ್ಡಕ. “ಕಲ್ತ್ಕೋಬೇಕು.”

“ಎಲೆ ಹಾಕ್ದೋನಲ್ಲ, ನಿಂಗೆ ಯಾಕಯ್ಯಾ?” ಎನ್ನುತ್ತಲೇ ಮಾವ ಸಂಚಿ ಅವನ ಕಡೆಗೆ ಸರಿಸಿದರು. “ಮೊದಲು ಅವ್ರಿಗೆ ಮಡಿಸು. ಹಿರೀರು.”

ಅವನು ಎಲೆ ಒರೆಸಿದ. ತೊಟ್ಟು ಮುರಿದ. ಸುಣ್ಣದ ಡಬ್ಬಿಗೆ ಬೆರಳು ಹಾಕಿದ. ಉಗುರಲ್ಲ, ಬೆರಳು. ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಶ್ರದ್ಧೆಯಿಂದ ತುದಿಯಿಂದ ತುದಿಗೆ ಬಳಿದು, ಅಡಿಕೆ ಇಟ್ಟು, ಅಚ್ಚುಕಟ್ಟಾಗಿ ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟ. ಬೆರಳಿನ ವಿಷಯ ಹೊಳೆದದ್ದು ಆಮೇಲೆ; ಆಗ ನಾನು ಅದನ್ನು ನೋಡುತ್ತಿರಲಿಲ್ಲ. ಸಂಚಿ ಅವನ ತೊಡೆಯ ಮೇಲೆ ಹೇಗೆ ಹೋಯಿತೆಂದು ನೋಡುತ್ತಿದ್ದೆ. ಬಾಯಿಗೆ ಹಾಕಿ ಕಚ್ಚಿದೆ.

“ಹೇಗಿದೆ ಅಣ್ಣ?”

ತಲೆಯಾಡಿಸಿದೆ. ಬಾಯೊಳಗೆ ಇಡೀ ಮುಳ್ಳಯ್ಯನಗಿರಿ ಹತ್ತಿ ಉರಿಯುತ್ತಿತ್ತು. ಮಾವನವರ ಸಂಚಿಯ ಎಲೆಯನ್ನು ಅವರ ಕಣ್ಣೆದುರಿಗೆ ಉಗಿಯುವುದುಂಟೇ? ನುಂಗುವುದಂತೂ ಸಾಧ್ಯವಿಲ್ಲ. ತುಟಿ ಬಿಗಿಹಿಡಿದು ಕೂತೆ.

“ಸರಿ, ಮುಂದಿನ ವರ್ಷ ಎತ್ಲಾಗೆ, ಅಳಿಯಂದ್ರೆ?”

ಕೇಳಿದ್ದು ನನ್ನನ್ನೇ. ನನ್ನ ಕಡೆ ತಿರುಗಿ, ಎಂದಿನಂತೆಯೇ ಕೇಳಿದರು. ಹಾರನಹಳ್ಳಿ ಎಂದು ಬಾಯಿ ತೆರೆಯಲು ಹೋದೆ. ನಾಲಿಗೆ ಎದ್ದೇಳಲಿಲ್ಲ. “ಹ್ಞಾ” ಎಂಬಂಥ ಒಂದು ಸದ್ದು ಬಂತು, ಜೊತೆಗೆ ಎರಡೂ ಕಣ್ಣಿಂದ ದಳದಳ ನೀರು.

“ಅಣ್ಣ ಎಲ್ಲಿ ಅಂದ್ರೆ ಅಲ್ಲಿಗೆ ಮಾವ” ಎಂದ ಷಡ್ಡಕ. ನಿಜಕ್ಕೂ ಹಾಗೇ ಅಂದ.

ಮಾವ ನನ್ನ ಮುಖವನ್ನೇ ನೋಡಿದರು. ಅವರ ಮುಖ ಮೆತ್ತಗಾಯಿತು. “ನೋಡಯ್ಯಾ, ಕಣ್ಣಲ್ಲಿ ನೀರು ಬಂತು ಅವ್ರಿಗೆ. ನಿನ್ನ ಗುಡ್ಡ ತಪ್ಪಿತಲ್ಲಾಂತ ಎಷ್ಟು ನೊಂದ್ಕೊಂಡವ್ರೆ! ಮಾತೇ ಹೊರಡ್ತಿಲ್ಲ. ಮುಳ್ಳಯ್ಯನಗಿರಿಗೇ ಹೋಗಣೇಳು. ಏನ್ರೀ?”

ನಾನು ಮತ್ತೆ ತಲೆಯಾಡಿಸಿದೆ. ಬೇಡ ಎಂದು ಆಡಿಸಿದೆನೋ ಹೌದು ಎಂದೋ, ಉರಿಯಲ್ಲಿ ನನಗೇ ತಿಳಿಯಲಿಲ್ಲ.

“ರೈಟ್” ಎಂದರು ಮಾವ.

ಗಾಡಿ ಬಂತು, ಹೊತ್ತಿಗೆ ಸರಿಯಾಗಿ. ಮೂವರಿಗೂ ಸೀಟು ಸಿಕ್ಕಿತು. ಮನೆಯಲ್ಲಿ ಹೆಂಡತಿ ಸಾರು ಮಾಡಿದ್ದಳು, ಅದರ ರುಚಿ ನನಗೆ ಗೊತ್ತಾಗಲಿಲ್ಲ. ಹಾವು ಕಚ್ಚಲಿಲ್ಲ, ನೀರು ಬತ್ತಲಿಲ್ಲ, ಬೆಂಕಿ ಬೆನ್ನಟ್ಟಲಿಲ್ಲ, ಯಾರ ಕಾಲೂ ಉಳುಕಲಿಲ್ಲ. ಒಂದು ಎಲೆಗೆ ಸುಣ್ಣ ಹೆಚ್ಚಾಯಿತು, ಅಷ್ಟೆ.